ರಾಟ್‌ವೈಲರ್ ನಾಯಿ: ಸ್ವಭಾವ, ಪಾಲನೆ ಮತ್ತು ಸಾಕುವವರ ಹೊಣೆ

ಊರಿನ ಮನೆಯ ಜಗಲಿಯಲ್ಲಿ ನಾಯಿಯೊಂದು ಸುರುಳಿಯಾಗಿ ಮಲಗಿರುವುದನ್ನು ನೋಡುತ್ತ ಬೆಳೆದವರು ನಮ್ಮಲ್ಲಿ ಬಹುಮಂದಿ. ಆ ನಾಯಿಗೆ ಯಾರೂ ಶಿಕ್ಷಣ ಕೊಡುತ್ತಿರಲಿಲ್ಲ. ಉಳಿದ ಅನ್ನವನ್ನೋ ಮುದ್ದೆಯ ತುಣುಕನ್ನೋ ತಿಂದು, ಅಪರಿಚಿತರು ಬಂದರೆ ಬೊಗಳಿ, ಮಳೆ ಬಂದರೆ ಕೊಟ್ಟಿಗೆಯ ಮೂಲೆ ಸೇರಿ ಅದು ತನ್ನ ಪಾಡಿಗೆ ತಾನು ಬಾಳುತ್ತಿತ್ತು. ಹೊರನಾಡಿನ ಮಹಾನಗರಗಳಲ್ಲಿ ನೆಲೆಯೂರಿದ ಕನ್ನಡ ಕುಟುಂಬಗಳಲ್ಲಿ ಈಗ ತಳಿನಾಯಿಗಳನ್ನು ಸಾಕುವವರು ಹೆಚ್ಚುತ್ತಿದ್ದಾರೆ. ಮನೆಗೆ ಕಾವಲೂ ಆಯಿತು, ಮಕ್ಕಳಿಗೆ ಜೊತೆಯೂ ಆಯಿತು ಎಂಬ ಎಣಿಕೆಯಿಂದ ಕೆಲವರು ರಾಟ್‌ವೈಲರ್ ಮರಿಯನ್ನು ತರುತ್ತಾರೆ. ಎರಡು ತಿಂಗಳಲ್ಲಿ ಮಡಿಲಲ್ಲಿ ಹಿಡಿಸುವ ಈ ಮರಿ ಒಂದು ವರ್ಷದಲ್ಲಿ ನಲವತ್ತು ಕಿಲೋ ದಾಟುತ್ತದೆ. ಊರಿನ ನಾಯಿಯ ಅನುಭವ ಇಲ್ಲಿ ಉಪಯೋಗಕ್ಕೆ ಬಾರದು. ಈ ತಳಿಯನ್ನು ತರಬೇಕೆಂದಿರುವವರೂ ಈಗಾಗಲೇ ತಂದಿರುವವರೂ ತಿಳಿದಿರಬೇಕಾದ ಸಂಗತಿಗಳನ್ನು ಇಲ್ಲಿ ಸಂಗ್ರಹಿಸಲಾಗಿದೆ.

ಹಿನ್ನೆಲೆ

ಈ ನಾಯಿಗೆ ಹೆಸರು ಬಂದಿರುವುದು ಜರ್ಮನಿಯ ನೈಋತ್ಯ ಭಾಗದಲ್ಲಿ ನೆಕರ್ ನದಿಯ ದಡದಲ್ಲಿರುವ ರಾಟ್‌ವೈಲ್ ಎಂಬ ಪಟ್ಟಣದಿಂದ. ಕ್ರಿ.ಶ. ಮೊದಲನೆಯ ಶತಮಾನದಲ್ಲಿ ರೋಮನ್ನರು ಅಲ್ಲಿ ನೆಲೆ ಸ್ಥಾಪಿಸಿದ್ದರು. ಅವರ ಸೈನ್ಯದೊಡನೆ ಆಲ್ಪ್ಸ್ ಪರ್ವತವನ್ನು ದಾಟಿ ಬಂದ ದನ ಕಾಯುವ ನಾಯಿಗಳೇ ಈ ತಳಿಯ ಪೂರ್ವಜರೆಂದು ಹೇಳುವ ವಾಡಿಕೆಯಿದೆ. ಮಧ್ಯಯುಗದಲ್ಲಿ ರಾಟ್‌ವೈಲ್ ದೊಡ್ಡ ದನದ ಪೇಟೆಯಾಗಿ ಬೆಳೆದಾಗ ಅಲ್ಲಿನ ಕಟುಕರು ಈ ನಾಯಿಗಳನ್ನು ಸಾಕಿದರು. ದನಗಳನ್ನು ಹೊಡೆದುಕೊಂಡು ಬರುವುದು, ಮಾಂಸದ ಗಾಡಿಯನ್ನು ಎಳೆಯುವುದು, ರಾತ್ರಿ ಕಾವಲಿರುವುದು ಇವುಗಳ ಕೆಲಸವಾಗಿತ್ತು. ಸಂತೆಯಿಂದ ಹಿಂದಿರುಗುವಾಗ ವ್ಯಾಪಾರದ ಹಣವನ್ನು ಚೀಲದಲ್ಲಿಟ್ಟು ನಾಯಿಯ ಕೊರಳಿಗೆ ಕಟ್ಟುತ್ತಿದ್ದರೆಂಬ ಮಾತು ಪ್ರಸಿದ್ಧವಾಗಿದೆ. ಅಷ್ಟು ಭದ್ರವಾದ ತಿಜೋರಿ ಬೇರೆ ಇರಲಿಲ್ಲವೆಂದು ತೋರುತ್ತದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ರೈಲು ಬಂದು ದನಗಳನ್ನು ರಸ್ತೆಯಲ್ಲಿ ಹೊಡೆದುಕೊಂಡು ಹೋಗುವುದು ನಿಂತ ಮೇಲೆ ಈ ನಾಯಿಗೆ ಉದ್ಯೋಗವೇ ಇಲ್ಲದಂತಾಗಿ ತಳಿಯೇ ಕ್ಷೀಣಿಸಿತು. 1910ರಲ್ಲಿ ಜರ್ಮನಿಯಲ್ಲಿ ಪೊಲೀಸ್ ನಾಯಿಯೆಂದು ಮಾನ್ಯತೆ ದೊರೆತದ್ದರಿಂದ ಅದಕ್ಕೆ ಮರುಜೀವ ಬಂದಿತು. 1921ರಲ್ಲಿ ಸ್ಥಾಪಿತವಾದ ಅಖಿಲ ಜರ್ಮನ್ ರಾಟ್‌ವೈಲರ್ ಸಂಘವು ತಳಿಯ ಲಕ್ಷಣಗಳನ್ನು ಇಂದಿಗೂ ಕಾಪಾಡಿಕೊಂಡು ಬರುತ್ತಿದೆ.

ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಗಂಡು ನಾಯಿಯ ಭುಜದ ಎತ್ತರ 61ರಿಂದ 68 ಸೆಂಟಿಮೀಟರ್, ತೂಕ ಸುಮಾರು 50 ಕಿಲೋ. ಹೆಣ್ಣಿನ ಎತ್ತರ 56ರಿಂದ 63 ಸೆಂಟಿಮೀಟರ್, ತೂಕ ಸುಮಾರು 42 ಕಿಲೋ. ಕಪ್ಪು ಮೈ, ಹುಬ್ಬು, ಕೆನ್ನೆ, ಎದೆ ಮತ್ತು ಕಾಲುಗಳಲ್ಲಿ ಸ್ಪಷ್ಟವಾದ ಕಂದುಗೆಂಪು ಗುರುತು, ಇದೇ ಇದರ ಬಣ್ಣ. ಬಾಲ ಸ್ವಾಭಾವಿಕವಾಗಿರಬೇಕು. ಬಾಲ ಕತ್ತರಿಸಿದರೆ ಮಾತ್ರ ಅಸಲಿ ತಳಿಯೆಂದು ಹೇಳುವ ಮಾರಾಟಗಾರನ ಮಾತನ್ನು ನಂಬಬಾರದು. ಹಾಗೆಯೇ ‘ಜರ್ಮನ್’, ‘ಅಮೆರಿಕನ್’, ‘ರೋಮನ್’ ಎಂದು ಬೆಲೆ ಏರಿಸುವ ಪದ್ಧತಿಯಿದೆ. ಇವು ಬೇರೆ ಬೇರೆ ತಳಿಗಳಲ್ಲ. ‘ರೋಮನ್’ ಎಂದು ಮಾರುವ ಅತಿ ದೊಡ್ಡ ಗಾತ್ರದ ಮರಿಗಳಲ್ಲಿ ಕೀಲುನೋವಿನ ಸಂಭವ ಹೆಚ್ಚೆಂಬುದನ್ನಷ್ಟೇ ನೆನಪಿಡಬೇಕು.

ಸ್ವಭಾವ

ಸಿನಿಮಾಗಳಲ್ಲಿ ತೋರಿಸುವ, ಸದಾ ಹಲ್ಲು ಕಿರಿಯುವ ಪ್ರಾಣಿ ಇದಲ್ಲ. ಒಳ್ಳೆಯ ರಾಟ್‌ವೈಲರ್ ಶಾಂತ, ಗಂಭೀರ, ಆತ್ಮವಿಶ್ವಾಸವುಳ್ಳದ್ದು. ಮನೆಯವರಿಗೆ ಅಂಟಿಕೊಂಡಿರುತ್ತದೆ, ಅಡುಗೆಮನೆಗೆ ಹೋದರೆ ಅಡುಗೆಮನೆಗೆ, ದೇವರ ಕೋಣೆಗೆ ಹೋದರೆ ಅದರ ಬಾಗಿಲಿಗೆ ಬಂದು ಕೂರುತ್ತದೆ. ಅಪರಿಚಿತರನ್ನು ಕಂಡೊಡನೆ ಬಾಲ ಅಲ್ಲಾಡಿಸುವ ಜಾಯಮಾನ ಇದರದ್ದಲ್ಲ. ಸ್ವಲ್ಪ ದೂರ ನಿಂತು, ನೋಡಿ, ಅಳೆದು, ಆಮೇಲೆ ನಿರ್ಧರಿಸುತ್ತದೆ. ಬೊಗಳುವುದು ಕಡಿಮೆ. ಈ ಮೌನವೇ ಕೆಲವರಿಗೆ ಭಯ ಹುಟ್ಟಿಸುತ್ತದೆ, ಕೆಲವರನ್ನು ಮೈಮರೆಸುತ್ತದೆ. ಎರಡೂ ಸರಿಯಲ್ಲ.

ದನ ಕಾಯ್ದ ವಂಶದ ಗುಣಗಳು ಇಂದಿಗೂ ಉಳಿದಿವೆ. ಮೈಯಿಂದ ಒತ್ತುವುದು, ಕಾಲಿಗೆ ಒರಗಿ ನಿಲ್ಲುವುದು, ಓಡುವವರನ್ನು ಅಡ್ಡಗಟ್ಟುವುದು ಇದರ ಹುಟ್ಟುಗುಣ. ಇದರಲ್ಲಿ ದ್ವೇಷವೇನೂ ಇಲ್ಲ. ಆದರೆ ನಲವತ್ತೈದು ಕಿಲೋ ತೂಕದ ಪ್ರಾಣಿ ಪ್ರೀತಿಯಿಂದ ಒರಗಿದರೂ ನಾಲ್ಕು ವರ್ಷದ ಮಗು ಬೀಳುತ್ತದೆ. ಎಪ್ಪತ್ತು ದಾಟಿದ ಅಜ್ಜಿಯ ಸೊಂಟದ ಮೂಳೆ ಮುರಿಯಬಹುದು. ಮುದ್ದಿಸುವಾಗ ಗಂಟಲಿನಲ್ಲಿ ಗುರುಗುಟ್ಟಿದಂತೆ ಸದ್ದು ಮಾಡುವುದೂ ಇದರ ವಿಶೇಷ. ಅದು ಸಂತೋಷದ ಸದ್ದು. ಮೈ ಸಡಿಲವಾಗಿದ್ದು, ಕಣ್ಣು ಅರೆಮುಚ್ಚಿದ್ದರೆ ಹೆದರಬೇಕಾಗಿಲ್ಲ.

ನಿಜವಾದ ಎಚ್ಚರಿಕೆಯ ಗುರುತುಗಳು ಬೇರೆ. ಇದ್ದಕ್ಕಿದ್ದಂತೆ ಮೈ ಮರಗಟ್ಟಿ ನಿಲ್ಲುವುದು, ಬಾಯಿ ಮುಚ್ಚಿ ನೆಟ್ಟ ನೋಟದಿಂದ ನೋಡುವುದು, ತಲೆ ತಿರುಗಿಸಿ ಕಣ್ಣಿನ ಬಿಳಿ ಭಾಗ ಕಾಣುವಂತೆ ಓರೆಯಾಗಿ ನೋಡುವುದು, ಹಸಿವಿಲ್ಲದಾಗ ಪದೇ ಪದೇ ತುಟಿ ನೆಕ್ಕುವುದು ಇವೆಲ್ಲ ‘ನನಗೆ ಇದು ಬೇಡ’ ಎನ್ನುವ ಮಾತು. ಇದನ್ನು ಯಾರೂ ಕೇಳದಿದ್ದಾಗ ನಾಯಿ ಗುರ್ರೆನ್ನುತ್ತದೆ. ಇಲ್ಲಿ ಬಹಳಷ್ಟು ಮನೆಗಳಲ್ಲಿ ಆಗುವ ತಪ್ಪೊಂದಿದೆ: ಗುರ್ರೆಂದ ನಾಯಿಗೆ ಹೊಡೆಯುವುದು. ಪೆಟ್ಟು ತಿಂದ ನಾಯಿ ಗುರ್ರೆನ್ನುವುದನ್ನು ಬಿಡುತ್ತದೆ, ಅದರ ಅಸಮಾಧಾನವಂತೂ ಹೋಗುವುದಿಲ್ಲ. ಮುಂದಿನ ಸಲ ಸೂಚನೆಯಿಲ್ಲದೆ ಕಚ್ಚುತ್ತದೆ. ಆಮೇಲೆ ಮನೆಯವರು ‘ಏನೂ ಇಲ್ಲದೆ ಕಚ್ಚಿತು’ ಎನ್ನುತ್ತಾರೆ.

ಹಾಗಾದರೆ ಇದು ಅಪಾಯದ ತಳಿಯೇ? 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ, ಹದಿನೆಂಟು ಸಾವಿರಕ್ಕೂ ಹೆಚ್ಚು ನಾಯಿಗಳ ಮಾಹಿತಿಯನ್ನು ಆಧರಿಸಿದ ಅಧ್ಯಯನವೊಂದು, ನಾಯಿ ನಾಯಿಗಳ ನಡುವಿನ ನಡವಳಿಕೆಯ ವ್ಯತ್ಯಾಸದಲ್ಲಿ ತಳಿಯ ಪಾಲು ಸುಮಾರು ಶೇ. 9 ಮಾತ್ರವೆಂದು ಕಂಡುಕೊಂಡಿತು. ಅಂದರೆ ತಂದೆತಾಯಿಯ ಗುಣ, ಮರಿಯಾಗಿದ್ದಾಗಿನ ಅನುಭವ, ಸಾಕಿದ ರೀತಿ ಇವೇ ಹೆಚ್ಚು ಮುಖ್ಯ. ಇದನ್ನು ಓದಿ ನಿಶ್ಚಿಂತರಾಗುವಂತೆಯೂ ಇಲ್ಲ. ಪುಟ್ಟ ಪಾಮೆರೇನಿಯನ್ ಹತ್ತು ಸಲ ಕಚ್ಚಿದರೂ ಬ್ಯಾಂಡೇಜಿನಲ್ಲಿ ಮುಗಿಯಬಹುದು. ರಾಟ್‌ವೈಲರ್ ಜೀವಮಾನದಲ್ಲಿ ಒಮ್ಮೆ ಕಚ್ಚಿದರೂ ಆಸ್ಪತ್ರೆ ತಪ್ಪದು. 2024ರ ಮೇ ತಿಂಗಳಲ್ಲಿ ಚೆನ್ನೈಯ ಪಾಲಿಕೆ ಉದ್ಯಾನವೊಂದರಲ್ಲಿ ಎರಡು ರಾಟ್‌ವೈಲರ್‌ಗಳು ಐದು ವರ್ಷದ ಬಾಲಕಿಯ ಮೇಲೆ ಎರಗಿ ತೀವ್ರವಾಗಿ ಗಾಯಗೊಳಿಸಿದ ಘಟನೆಯನ್ನು ಅಲ್ಲಿನ ಕನ್ನಡಿಗರು ಮರೆತಿರಲಾರರು. ನಮ್ಮ ಅಭಿಪ್ರಾಯದಲ್ಲಿ ‘ನಮ್ಮ ನಾಯಿ ಏನೂ ಮಾಡುವುದಿಲ್ಲ’ ಎಂಬ ಮಾತು ಈ ತಳಿಯನ್ನು ಸಾಕುವವರ ಬಾಯಿಂದ ಬರಲೇಬಾರದು.

ಮೊದಲ ನಾಲ್ಕು ತಿಂಗಳು

ಮರಿ ಹುಟ್ಟಿದ ಮೂರನೆಯ ವಾರದಿಂದ ಸುಮಾರು ಹದಿನಾಲ್ಕನೆಯ ವಾರದವರೆಗೆ ಲೋಕವನ್ನು ಸುಲಭವಾಗಿ ಒಪ್ಪಿಕೊಳ್ಳುತ್ತದೆ. ಈ ಅವಧಿಯಲ್ಲಿ ಕಂಡದ್ದು ಅದಕ್ಕೆ ಸಹಜವಾಗುತ್ತದೆ. ಕಾಣದಿದ್ದದ್ದು ಮುಂದೆ ಶಂಕೆಯ ವಸ್ತುವಾಗುತ್ತದೆ. ನಗರದ ಫ್ಲಾಟಿನಲ್ಲಿ ಬೆಳೆಯುವ ಮರಿ ನೋಡಬೇಕಾದ್ದು ಬಹಳವಿದೆ: ಲಿಫ್ಟಿನ ಬಾಗಿಲು, ವಾಚ್‌ಮನ್‌ನ ಕೋಲು, ಹೆಲ್ಮೆಟ್ ಧರಿಸಿದ ಕೊರಿಯರ್ ಹುಡುಗ, ಮಳೆಗಾಲದ ಕೊಡೆ, ಬುರ್ಖಾ, ಗಾಲಿಕುರ್ಚಿ, ಓಡುವ ಮಕ್ಕಳು, ಗಣೇಶೋತ್ಸವದ ಢೋಲು. ಲಸಿಕೆಗಳು ಪೂರ್ತಿಯಾಗುವವರೆಗೆ ನೆಲಕ್ಕಿಳಿಸದೆ ಕೈಯಲ್ಲಿ ಎತ್ತಿಕೊಂಡೇ ಇವನ್ನೆಲ್ಲ ತೋರಿಸಬಹುದು. ‘ಎಲ್ಲರಿಗೂ ಒಗ್ಗಿಹೋದರೆ ಕಾವಲು ಕಾಯುವುದಿಲ್ಲ’ ಎಂದು ಮರಿಯನ್ನು ಮನೆಯೊಳಗೇ ಕೂಡಿಹಾಕುವವರಿದ್ದಾರೆ. ಇದು ದೊಡ್ಡ ಭ್ರಮೆ. ಕಾವಲಿನ ಗುಣ ರಕ್ತದಲ್ಲಿಯೇ ಇದೆ. ಎರಡು ವರ್ಷದ ಹೊತ್ತಿಗೆ ಅದು ತಾನಾಗಿ ಪ್ರಕಟವಾಗುತ್ತದೆ. ಯಾರು ಅಪಾಯ, ಯಾರು ಅಲ್ಲ ಎಂಬ ವಿವೇಕವನ್ನು ಮಾತ್ರ ನಾವು ಕಲಿಸಬೇಕು. ಕೂಡಿಹಾಕಿ ಬೆಳೆಸಿದ ನಾಯಿಗೆ ಹಾಲಿನವನೂ ಕಳ್ಳನೂ ಒಂದೇ.

ಶಿಕ್ಷಣದಲ್ಲಿ ಹೊಡೆತಕ್ಕೆ ಜಾಗವಿಲ್ಲ. ಕರೆದರೆ ಬರುವುದು, ಕೂರುವುದು, ಹಗ್ಗ ಎಳೆಯದೆ ನಡೆಯುವುದು, ಬಾಯಲ್ಲಿರುವುದನ್ನು ಬಿಡುವುದು ಇಷ್ಟನ್ನು ತಿಂಡಿಯ ಚೂರು ಕೊಟ್ಟು ಆರು ತಿಂಗಳೊಳಗೆ ಕಲಿಸಿದರೆ ಅರ್ಧ ಗೆದ್ದಂತೆ. ಮೂತಿಗೆ ಹಾಕುವ ಕುಕ್ಕೆಯನ್ನು ಕೂಡ ಮರಿಯಿದ್ದಾಗಲೇ ಅಭ್ಯಾಸ ಮಾಡಿಸಬೇಕು. ಬಾಯಿ ತೆರೆದು ಏದುಸಿರು ಬಿಡಲು ಬರುವಂಥ ಬುಟ್ಟಿಯಾಕಾರದ ಕುಕ್ಕೆಯೇ ಆಗಬೇಕು. ಬಿಗಿಯಾದ ಬಟ್ಟೆಯ ಪಟ್ಟಿ ನಮ್ಮ ಸೆಕೆಯಲ್ಲಿ ಅಪಾಯಕಾರಿ. ಮನೆಯ ನಾಯಿಗೆ ‘ದಾಳಿ’ ಕಲಿಸುತ್ತೇವೆಂದು ಬರುವ ತರಬೇತುದಾರರನ್ನು ಬಾಗಿಲಿನಿಂದಲೇ ಕಳುಹಿಸುವುದು ಲೇಸು. ದಿನವಿಡೀ ಸರಪಳಿಯಲ್ಲಿ ಕಟ್ಟುವುದೂ ಹಾಗೆಯೇ ಹಾನಿಕರ.

ಮಗುವನ್ನೂ ನಾಯಿಯನ್ನೂ ಒಂದೇ ಕೋಣೆಯಲ್ಲಿ ಹಿರಿಯರಿಲ್ಲದೆ ಬಿಡಬಾರದು. ಇದಕ್ಕೆ ವಿನಾಯಿತಿಯಿಲ್ಲ. ಉಣ್ಣುವ ನಾಯಿಯ ತಟ್ಟೆಗೆ ಕೈ ಹಾಕಬಾರದು, ಮಲಗಿದ ನಾಯಿಯನ್ನು ತಬ್ಬಬಾರದು ಎಂಬುದನ್ನು ಮನೆಯ ಮಕ್ಕಳಿಗೂ, ರಜೆಗೆ ಬರುವ ನೆಂಟರ ಮಕ್ಕಳಿಗೂ ಹೇಳಿಕೊಡಬೇಕು.

ಆಹಾರ

ದೊಡ್ಡ ತಳಿಯ ಮರಿ ಬೇಗ ಬೆಳೆಯಬೇಕೆಂಬ ಆಸೆಯೇ ಅದರ ಕೀಲುಗಳಿಗೆ ಶತ್ರು. ನಿಧಾನವಾಗಿ, ತುಸು ತೆಳ್ಳಗೆ ಬೆಳೆದ ಮರಿಯ ಮೂಳೆ ಕೀಲುಗಳು ಗಟ್ಟಿ. ‘ಮೂಳೆ ಬಲಿಯಲಿ’ ಎಂದು ಕ್ಯಾಲ್ಸಿಯಂ ಟಾನಿಕ್ ಕುಡಿಸುವ ಅಭ್ಯಾಸ ನಮ್ಮಲ್ಲಿ ವ್ಯಾಪಕವಾಗಿದೆ. ಆರು ತಿಂಗಳೊಳಗಿನ ಮರಿಯ ದೇಹಕ್ಕೆ ಹೆಚ್ಚಾದ ಕ್ಯಾಲ್ಸಿಯಂ ಅನ್ನು ತಡೆಯುವ ಶಕ್ತಿ ಸಾಲದು. ಅದರಿಂದ ಮೂಳೆಯ ಬೆಳವಣಿಗೆ ವಿಕಾರವಾಗುತ್ತದೆ. ದೊಡ್ಡ ತಳಿಯ ಮರಿಗಳಿಗೆಂದೇ ತಯಾರಾದ ಆಹಾರವನ್ನು ಕೊಡುತ್ತಿದ್ದರೆ ಬೇರೆ ಟಾನಿಕ್ ಬೇಕಾಗಿಲ್ಲ.

ಸಸ್ಯಾಹಾರಿ ಮನೆಗಳಲ್ಲಿ ಪ್ರಶ್ನೆ ಇನ್ನಷ್ಟು ಸೂಕ್ಷ್ಮ. ನಾಯಿ ಅನ್ನ, ರಾಗಿ, ತರಕಾರಿಗಳನ್ನು ಅರಗಿಸಿಕೊಳ್ಳಬಲ್ಲದು ನಿಜ. ಆದರೆ ಬೆಳೆಯುವ ರಾಟ್‌ವೈಲರ್‌ಗೆ ಮೊಸರನ್ನವೊಂದೇ ಸಾಲದು. ಅದಕ್ಕೆ ಬೇಕಾದ ಪ್ರೋಟೀನು ಅದರಲ್ಲಿಲ್ಲ. ಅಡುಗೆಮನೆಗೆ ಮಾಂಸ ಬಾರದಿದ್ದರೆ ಸಿದ್ಧ ಆಹಾರವನ್ನು ಬಾಲ್ಕನಿಯಲ್ಲಿಟ್ಟು ಬಡಿಸುವ ಏರ್ಪಾಡನ್ನು ಅನೇಕರು ಮಾಡಿಕೊಂಡಿದ್ದಾರೆ. ಅದೂ ಒಪ್ಪಿಗೆಯಾಗದಿದ್ದರೆ ಪಶುವೈದ್ಯರಿಂದ ಆಹಾರದ ಪಟ್ಟಿ ಬರೆಸಿಕೊಳ್ಳಬೇಕು, ಇಲ್ಲವೇ ಬೇರೆ ತಳಿಯನ್ನು ಯೋಚಿಸಬೇಕು.

ನಾವು ಪ್ರೀತಿಯಿಂದ ಹಾಕುವ ತುತ್ತಿನಲ್ಲಿಯೂ ವಿಷವಿರಬಹುದು. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ನಾಶಮಾಡುತ್ತವೆ. ಆದ್ದರಿಂದ ಸಾಂಬಾರು, ಪಲ್ಯ ಬೆರೆಸಿದ ಅನ್ನ ಕೂಡದು. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡವನ್ನು ಕೆಡಿಸುತ್ತವೆ. ಹಬ್ಬದ ಪಾಯಸವನ್ನು ನೆನಪಿಡಿ. ಚಾಕೊಲೇಟ್ ಕೊಡಬಾರದು. ಬೇಯಿಸಿದ ಕೋಳಿಮೂಳೆ ಚೂಪಾಗಿ ಸೀಳಿ ಕರುಳನ್ನು ಚುಚ್ಚುತ್ತದೆ.

ದಿನದ ಆಹಾರವನ್ನು ಎರಡು ಹೊತ್ತು ಹಂಚಿ ಕೊಡಬೇಕು, ಉಂಡ ಮೇಲೆ ಒಂದು ಗಂಟೆಯಾದರೂ ಓಡಿಸಬಾರದು. ಎದೆ ಆಳವಾಗಿರುವ ದೊಡ್ಡ ನಾಯಿಗಳಲ್ಲಿ ಹೊಟ್ಟೆ ಉಬ್ಬರಿಸಿ ಜಠರವೇ ತಿರುಚಿಕೊಳ್ಳುವ ಆಪತ್ತು ಬರುತ್ತದೆ. ಹೊಟ್ಟೆ ಬಿಗಿದು, ವಾಂತಿಗೆ ಪ್ರಯತ್ನಿಸಿದರೂ ಏನೂ ಬಾರದೆ ನಾಯಿ ಚಡಪಡಿಸುತ್ತಿದ್ದರೆ ಬೆಳಗಾಗುವವರೆಗೆ ಕಾಯುವಂತಿಲ್ಲ. ಕೆಲವೇ ಗಂಟೆಗಳಲ್ಲಿ ಪ್ರಾಣ ಹೋಗುತ್ತದೆ. ರಾತ್ರಿ ತೆರೆದಿರುವ ಪಶುಚಿಕಿತ್ಸಾಲಯ ಹತ್ತಿರದಲ್ಲಿ ಎಲ್ಲಿದೆಯೆಂದು ಮೊದಲೇ ಗುರುತುಮಾಡಿಟ್ಟುಕೊಂಡಿರಬೇಕು.

ಸೆಕೆ, ಮಳೆ, ಉಣ್ಣೆ

ನಾಯಿ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ಏದುಸಿರಿನಿಂದಲೇ ತಣಿಯಬೇಕು. ಮುಂಬಯಿ, ಚೆನ್ನೈಗಳ ತೇವಭರಿತ ಸೆಕೆಯಲ್ಲಿ ಈ ಉಪಾಯ ಸರಿಯಾಗಿ ನಡೆಯುವುದಿಲ್ಲ. ಬೇಸಿಗೆಯಲ್ಲಿ ಬೆಳಿಗ್ಗೆ ಏಳರೊಳಗೆ, ಸಂಜೆ ಕತ್ತಲಾದ ಮೇಲೆ ನಡೆಸಬೇಕು. ಅಂಗೈಯ ಹಿಂಭಾಗವನ್ನು ರಸ್ತೆಯ ಮೇಲಿಟ್ಟು ಐದಾರು ಕ್ಷಣ ತಡೆಯಲಾಗದಿದ್ದರೆ ಅದರ ಪಾದವೂ ಸುಡುತ್ತದೆ. ನಾಯಿಯ ಸಹಜ ಉಷ್ಣತೆ ಸುಮಾರು 38ರಿಂದ 39 ಡಿಗ್ರಿ ಸೆಲ್ಸಿಯಸ್. 41 ದಾಟಿದರೆ ಜೀವಾಪಾಯ. ತೂರಾಡುತ್ತ ಕುಸಿದರೆ ಮೈಗೆಲ್ಲ ನೀರು ಸುರಿದು, ಫ್ಯಾನು ಹಾಕಿ, ಹಾಗೆಯೇ ವೈದ್ಯರಲ್ಲಿಗೆ ಒಯ್ಯಬೇಕು.

ಮಳೆಗಾಲದಲ್ಲಿ ಇಲಿಮೂತ್ರ ಬೆರೆತ ನೀರಿನಿಂದ ಲೆಪ್ಟೊಸ್ಪೈರೋಸಿಸ್ ಬರುತ್ತದೆ. ಇದು ಮನುಷ್ಯರಿಗೂ ಹರಡುವ ರೋಗ. ಉಣ್ಣೆಗಳಿಂದ ಬರುವ ಜ್ವರ ನಮ್ಮ ನಗರಗಳ ನಾಯಿಗಳನ್ನು ಕಾಡುವ ಇನ್ನೊಂದು ಪಿಡುಗು. ಊಟ ಬಿಟ್ಟು, ಒಸಡು ಬಿಳಿಚಿ, ಮೂಗಿನಲ್ಲಿ ರಕ್ತ ಬಂದರೆ ತಕ್ಷಣ ರಕ್ತಪರೀಕ್ಷೆ ಮಾಡಿಸಬೇಕು. ಕರುಳುಬೇನೆ ತರುವ ಪಾರ್ವೊ ವೈರಸ್ ರಾಟ್‌ವೈಲರ್ ಮರಿಗಳಿಗೆ ಇತರ ತಳಿಗಳಿಗಿಂತ ತೀವ್ರವಾಗಿ ತಗಲುವುದರಿಂದ ಲಸಿಕೆಯ ಒಂದು ಸರದಿಯನ್ನೂ ತಪ್ಪಿಸಬಾರದು. ರೇಬೀಸ್ ಲಸಿಕೆ ಮೂರು ತಿಂಗಳಿಗೆ ಆರಂಭ, ಆಮೇಲೆ ಪ್ರತಿವರ್ಷ. ಲಸಿಕೆ ಹಾಕಿಸಿದ ನಾಯಿಯೇ ಕಚ್ಚಿದರೂ ಗಾಯವನ್ನು ಹದಿನೈದು ನಿಮಿಷ ಸೋಪು ನೀರಿನಿಂದ ತೊಳೆದು ವೈದ್ಯರನ್ನು ಕಾಣಬೇಕು.

ಈ ತಳಿಯ ಆಯುಸ್ಸು ಸಾಮಾನ್ಯವಾಗಿ ಎಂಟರಿಂದ ಹತ್ತು ವರ್ಷ. ಸೊಂಟ ಮತ್ತು ಮೊಣಕೈ ಕೀಲುಗಳ ದೋಷ, ಹೃದಯದಿಂದ ರಕ್ತ ಹೊರಡುವ ದಾರಿ ಕಿರಿದಾಗಿರುವ ಹುಟ್ಟುದೋಷ, ಮೂಳೆಯ ಕ್ಯಾನ್ಸರ್ ಇದರಲ್ಲಿ ಹೆಚ್ಚು. ಒಂದು ವರ್ಷ ತುಂಬುವ ಮೊದಲೇ ಸಂತಾನಹರಣ ಶಸ್ತ್ರಚಿಕಿತ್ಸೆಗೆ ಒಳಗಾದ ರಾಟ್‌ವೈಲರ್‌ಗಳಲ್ಲಿ ಮೂಳೆಯ ಕ್ಯಾನ್ಸರ್ ಸುಮಾರು ನಾಲ್ಕರಲ್ಲಿ ಒಂದಕ್ಕೆ ಬಂದದ್ದನ್ನು 2002ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದು ದಾಖಲಿಸಿದೆ. ಆದಕಾರಣ ಶಸ್ತ್ರಚಿಕಿತ್ಸೆಯ ವಯಸ್ಸನ್ನು ಪಶುವೈದ್ಯರೊಡನೆ ಚರ್ಚಿಸಿಯೇ ನಿರ್ಧರಿಸುವುದು ಒಳಿತು.

ಕಾನೂನು ಮತ್ತು ಸೊಸೈಟಿ

2024ರ ಮಾರ್ಚ್ 12ರಂದು ಕೇಂದ್ರ ಸರಕಾರದ ಪಶುಸಂಗೋಪನಾ ಇಲಾಖೆಯು ರಾಟ್‌ವೈಲರ್ ಸೇರಿದಂತೆ 23 ತಳಿಗಳ ಆಮದು, ಸಂತಾನೋತ್ಪತ್ತಿ ಮತ್ತು ಮಾರಾಟವನ್ನು ನಿಷೇಧಿಸುವಂತೆ ರಾಜ್ಯಗಳಿಗೆ ಸುತ್ತೋಲೆ ಕಳುಹಿಸಿತ್ತು. ಸಾಕುತ್ತಿರುವ ನಾಯಿಗಳಿಗೆ ಸಂತಾನಹರಣ ಮಾಡಿಸಬೇಕೆಂದೂ ಅದರಲ್ಲಿ ಸೂಚಿಸಲಾಗಿತ್ತು. ಸಂಬಂಧಪಟ್ಟವರ ಅಭಿಪ್ರಾಯ ಕೇಳದೆ ಹೊರಡಿಸಿದ್ದೆಂಬ ಕಾರಣದಿಂದ ಕರ್ನಾಟಕ ಹೈಕೋರ್ಟು ಅದೇ ವರ್ಷದ ಏಪ್ರಿಲ್ 10ರಂದು ಆ ಸುತ್ತೋಲೆಯನ್ನು ರದ್ದುಪಡಿಸಿತು. ಸರಿಯಾದ ಕ್ರಮದಲ್ಲಿ ಹೊಸದಾಗಿ ನಿಯಮ ತರಲು ಸರಕಾರಕ್ಕೆ ಅಡ್ಡಿಯಿಲ್ಲವೆಂದೂ ಹೇಳಿತು. ಇದನ್ನು ‘ಎಲ್ಲೆಡೆ ಮುಕ್ತ ಅವಕಾಶ’ ಎಂದು ಅರ್ಥೈಸಬಾರದು. ದೆಹಲಿಯ ಪಕ್ಕದ ಗಾಜಿಯಾಬಾದಿನ ನಗರಸಭೆಯು 2022ರಲ್ಲಿಯೇ ಈ ತಳಿಯೂ ಸೇರಿದಂತೆ ಮೂರು ತಳಿಗಳನ್ನು ಹೊಸದಾಗಿ ಸಾಕುವುದನ್ನು ನಿಷೇಧಿಸಲು ನಿರ್ಣಯ ಕೈಗೊಂಡಿತ್ತು. ಪ್ರತಿ ನಗರದ ನಿಯಮ ಬೇರೆ. ಮರಿಗೆ ಮುಂಗಡ ಕೊಡುವ ಮೊದಲು ತಮ್ಮ ಪಾಲಿಕೆಯಲ್ಲಿ ವಿಚಾರಿಸಿ, ತಂದೊಡನೆ ಪರವಾನಗಿ ಮಾಡಿಸಿಕೊಳ್ಳಬೇಕು.

ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯು 2015ರಲ್ಲಿ ನೀಡಿದ ಮಾರ್ಗದರ್ಶಿಯ ಪ್ರಕಾರ ವಸತಿ ಸೊಸೈಟಿಗಳು ಸಾಕುನಾಯಿಗಳನ್ನು ನಿಷೇಧಿಸುವಂತಿಲ್ಲ, ಲಿಫ್ಟಿನ ಬಳಕೆಯನ್ನೂ ತಡೆಯುವಂತಿಲ್ಲ. ಹಕ್ಕಿದೆಯೆಂದು ಹತ್ತು ಜನ ತುಂಬಿದ ಲಿಫ್ಟಿಗೆ ರಾಟ್‌ವೈಲರ್ ನುಗ್ಗಿಸುವುದು ಸಭ್ಯತೆಯಲ್ಲ. ಭಯಪಡುವ ನೆರೆಯವರನ್ನು ಹಾಸ್ಯಮಾಡದೆ ಅವರನ್ನು ಮೊದಲು ಹೋಗಗೊಡುವುದರಿಂದ ನಾಯಿಗೂ ಶತ್ರುಗಳು ಕಡಿಮೆಯಾಗುತ್ತಾರೆ. ಅಜಾಗರೂಕತೆಯಿಂದ ನಾಯಿ ಬಿಟ್ಟು ಯಾರಿಗಾದರೂ ಅಪಾಯವಾದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮಿನಂತೆ ಆರು ತಿಂಗಳವರೆಗೆ ಸೆರೆವಾಸ, ಐದು ಸಾವಿರ ರೂಪಾಯಿಯವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು.

ಮರಿ ಕೊಳ್ಳುವಾಗ ತಾಯಿನಾಯಿಯನ್ನು ನೋಡದೆ ಹಣ ಕೊಡಬಾರದು. ಅದು ಮನುಷ್ಯರ ಎದುರು ಅಂಜುವುದಾದರೆ, ಮೈಮೇಲೆ ಏರಿಬರುವುದಾದರೆ ಆ ಮರಿ ಬೇಡ. 2017ರ ನಿಯಮಗಳಂತೆ ತಳಿಗಾರರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ.

ಕೊನೆಯದಾಗಿ ಹೊರನಾಡಿನವರಿಗೇ ವಿಶೇಷವಾದ ಒಂದು ತೊಡಕು. ಮೇ ತಿಂಗಳ ರಜೆಯಲ್ಲಿ ಊರಿಗೆ ಹೊರಟಾಗ ನಾಯಿಯನ್ನು ಏನು ಮಾಡುವುದು? ರೈಲಿನಲ್ಲಿ ಏಸಿ ಪ್ರಥಮ ದರ್ಜೆಯ ಎರಡು ಅಥವಾ ನಾಲ್ಕು ಆಸನದ ಇಡೀ ಕೋಣೆಯನ್ನು ಕಾದಿರಿಸಿದರೆ ಮಾತ್ರ ಅದನ್ನು ಜೊತೆಯಲ್ಲಿ ಕರೆದೊಯ್ಯಬಹುದು. ಇಲ್ಲವಾದರೆ ಗಾರ್ಡಿನ ಡಬ್ಬಿಯ ನಾಯಿಗೂಡಿನಲ್ಲಿ ಕಳುಹಿಸಬೇಕು. ಮೇ ತಿಂಗಳ ಬಿಸಿಲಿನಲ್ಲಿ ರಾಟ್‌ವೈಲರ್‌ಗೆ ಆ ಕಬ್ಬಿಣದ ಗೂಡು ಸಲ್ಲದು. ಸಾಮಾನ್ಯ ನಾಯಿವಸತಿಗಳು ಈ ತಳಿಯನ್ನು ಸೇರಿಸಿಕೊಳ್ಳಲು ಹಿಂಜರಿಯುತ್ತವೆ. ಆದ್ದರಿಂದ ನಾಯಿ ಮೂರು ತಿಂಗಳಿನದಾಗಿರುವಾಗಲೇ ಮನೆಯ ಹೊರಗಿನ ಒಬ್ಬಿಬ್ಬರು ಆಪ್ತರ ಕೈಯಿಂದ ಅದಕ್ಕೆ ಊಟ ಹಾಕಿಸಿ, ಅವರೊಡನೆ ನಡೆಯಲು ಕಳುಹಿಸಿ, ವರ್ಷದಲ್ಲಿ ಕೆಲವು ರಾತ್ರಿ ಅವರ ಮನೆಯಲ್ಲಿ ಬಿಟ್ಟು ರೂಢಿಸಬೇಕು. ಹಾಗೆ ಪರಿಚಯವಾದ ಮನೆಯಿದ್ದರೆ ಊರಿನಿಂದ ಅನಿರೀಕ್ಷಿತವಾಗಿ ಕೆಟ್ಟ ಸುದ್ದಿ ಬಂದ ರಾತ್ರಿಯೂ ನಾಯಿಯನ್ನು ಅಲ್ಲಿ ಒಪ್ಪಿಸಿ ಹೊರಡಬಹುದು.